‘ಒಪ್ಪಿದ್ದೇನೆ’ ಒತ್ತುವ ಮುನ್ನ: ಕಚೇರಿಯ ಕಣ್ಗಾವಲು ನೀತಿಯನ್ನು ಓದುವುದು ಹೇಗೆ?

‘ಪರಿಷ್ಕೃತ ಮಾಹಿತಿ ತಂತ್ರಜ್ಞಾನ ಬಳಕೆ ನೀತಿ’ ಎಂಬ ತಲೆಬರಹದ ಇಮೇಲ್ ಬರುತ್ತದೆ. ಜೊತೆಗೊಂದು ಪಿಡಿಎಫ್, ಅದರ ಕೊನೆಯಲ್ಲಿ ಒಂದು ಗುಂಡಿ, ಅದನ್ನು ಒತ್ತಲು ಒಂದು ಗಡುವು. ಹೆಚ್ಚಿನವರು ಮೊದಲ ಪುಟದ ಮೇಲೆ ಕಣ್ಣಾಡಿಸಿ ಗುಂಡಿ ಒತ್ತುತ್ತಾರೆ. ‘ನಮ್ಮ ಪರದೆಯನ್ನೆಲ್ಲ ನೋಡುತ್ತಾರಂತೆ’ ಎಂಬ ಗುಸುಗುಸು ಶುರುವಾಗುವುದು ಆಮೇಲೆ.

ಈ ಕುರಿತ ಸಾರ್ವಜನಿಕ ಚರ್ಚೆ ವರ್ಷಗಳಿಂದ ಒಂದೇ ಕಡೆ ಗಿರಕಿ ಹೊಡೆಯುತ್ತಿದೆ. ಸಂಬಳ ಕೊಡುವವರಿಗೆ ಕೆಲಸ ನಡೆಯುತ್ತಿದೆಯೇ ಎಂದು ನೋಡುವ ಹಕ್ಕಿಲ್ಲವೇ ಎಂದು ಒಬ್ಬರು ಕೇಳುತ್ತಾರೆ. ನಾವೇನು ಕೈದಿಗಳೇ ಎಂದು ಇನ್ನೊಬ್ಬರು ಸಿಡುಕುತ್ತಾರೆ. ಎರಡರಲ್ಲೂ ಹುರುಳಿದೆ. ದತ್ತಾಂಶ ಸೋರಿಕೆ ಗುಮ್ಮನ ಕಥೆಯಲ್ಲ, ಗ್ರಾಹಕರ ಮುಂದೆ ಕಂಪನಿಯೇ ತಲೆ ಕೊಡಬೇಕು. ಆದರೆ ರಜೆಯ ದಿನ ನಿಮ್ಮ ಮೊಬೈಲ್ ಎಲ್ಲಿತ್ತು ಎಂಬುದು ಕಚೇರಿಯ ಸರ್ವರ್‌ನಲ್ಲಿ ದಾಖಲಾಗುತ್ತದೆಯೇ ಎಂಬ ಪ್ರಶ್ನೆಗೆ ಈ ವಾಗ್ವಾದದಲ್ಲಿ ಉತ್ತರ ಸಿಗದು. ಉತ್ತರವಿರುವುದು ಆ ಪಿಡಿಎಫ್‌ನ ಯಾವುದೋ ಒಂದು ಷರತ್ತಿನಲ್ಲಿ. ಅದನ್ನು ಹುಡುಕುವ ಕ್ರಮ ಹೀಗಿದೆ.

1. ಹಳೆಯ ನೀತಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ

ಹೊಸ ನೀತಿಯನ್ನಷ್ಟೇ ಓದಿದರೆ ಎಲ್ಲವೂ ಸಹಜವೆನ್ನಿಸುತ್ತದೆ. ಇಂಥ ಕಡತಗಳ ಭಾಷೆಯೇ ನಿದ್ದೆ ಬರಿಸುವಂಥದ್ದು. ಸೇರಿದಾಗ ಸಹಿ ಮಾಡಿದ ಪ್ರತಿಯನ್ನು ಹುಡುಕಿ ತೆಗೆಯಿರಿ. ಇಲ್ಲದಿದ್ದರೆ ಮಾನವ ಸಂಪನ್ಮೂಲ ವಿಭಾಗದಿಂದ ಕೇಳಿ ಪಡೆಯಿರಿ. ಎರಡು ಕಡತಗಳನ್ನು ಹೋಲಿಸಿ ವ್ಯತ್ಯಾಸ ತೋರಿಸುವ ಸೌಲಭ್ಯ ಪ್ರಮುಖ ಪದ ಸಂಸ್ಕಾರಕ ತಂತ್ರಾಂಶಗಳಲ್ಲಿದೆ. ಹತ್ತು ನಿಮಿಷದಲ್ಲಿ ಬದಲಾದ ಸಾಲುಗಳಷ್ಟೇ ಕಣ್ಣಮುಂದೆ ಉಳಿಯುತ್ತವೆ.

ಮಾದರಿಗೆಂದು ಒಂದು ಷರತ್ತನ್ನು ಕಲ್ಪಿಸಿಕೊಳ್ಳೋಣ. ಹಳೆಯದರಲ್ಲಿ ‘ಭದ್ರತೆಯ ಉದ್ದೇಶಕ್ಕಾಗಿ ಕಂಪನಿಯ ಜಾಲದ ಬಳಕೆಯನ್ನು ದಾಖಲಿಸಲಾಗುತ್ತದೆ’ ಎಂದಿತ್ತು. ಹೊಸದರಲ್ಲಿ ‘ಭದ್ರತೆ, ಉತ್ಪಾದಕತೆ ಹಾಗೂ ಇತರ ವ್ಯಾವಹಾರಿಕ ಉದ್ದೇಶಗಳಿಗಾಗಿ, ಕೆಲಸಕ್ಕೆ ಬಳಸುವ ಸಾಧನಗಳಲ್ಲಿನ ಚಟುವಟಿಕೆಯನ್ನು ದಾಖಲಿಸಬಹುದು’ ಎಂದಿದೆ. ಮೇಲುನೋಟಕ್ಕೆ ಅದೇ ಮಾತು. ಬಿಡಿಸಿ ನೋಡಿದರೆ ಮೂರು ಬೇಲಿಗಳು ಸರಿದಿವೆ. ಜಾಲ ಹೋಗಿ ಸಾಧನ ಬಂತು, ಅಂದರೆ ಇಂಟರ್‌ನೆಟ್ ಸಂಪರ್ಕವಿಲ್ಲದಾಗ ಮಾಡಿದ್ದೂ ಲೆಕ್ಕಕ್ಕೆ ಬರುತ್ತದೆ. ‘ಕಂಪನಿಯ’ ಎಂಬುದು ಹೋಗಿ ‘ಕೆಲಸಕ್ಕೆ ಬಳಸುವ’ ಎಂದಾಯಿತು. ಕಚೇರಿಯ ಇಮೇಲ್ ನೋಡುವ ನಿಮ್ಮ ಸ್ವಂತ ಮೊಬೈಲ್ ಕೂಡ ಒಳಗೆ ಬಂತು. ಭದ್ರತೆಯ ಜೊತೆಗೆ ಉತ್ಪಾದಕತೆ ಸೇರಿದ್ದರಿಂದ, ಕಳ್ಳತನ ಹಿಡಿಯಲು ಇಟ್ಟ ದಾಖಲೆ ಬಡ್ತಿಯ ಸಭೆಯಲ್ಲೂ ಮೇಜಿನ ಮೇಲೆ ಬರಬಹುದು. ‘ಇತರ ಉದ್ದೇಶ’ವಂತೂ ಖಾಲಿ ಚೆಕ್.

ನನ್ನ ಮಟ್ಟಿಗೆ ಇಡೀ ನೀತಿಯಲ್ಲಿ ಅತಿ ಹೆಚ್ಚು ಹೊತ್ತು ಕೊಡಬೇಕಾದದ್ದು ಈ ಉದ್ದೇಶದ ಸಾಲಿಗೆ. ಏನನ್ನು ದಾಖಲಿಸುತ್ತಾರೆ ಎಂದು ಎಲ್ಲರೂ ಕೇಳುತ್ತಾರೆ, ಯಾವುದಕ್ಕೆ ಬಳಸುತ್ತಾರೆ ಎಂದು ಕೇಳುವವರು ಕಡಿಮೆ.

2. ಯಾವ ಸಾಧನ ಯಾರದ್ದು ಎಂದು ಗೆರೆ ಎಳೆಯಿರಿ

ಕಂಪನಿ ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ಖಾಸಗಿತನವಿಲ್ಲ ಎಂದೇ ಎಣಿಸಿ ನಡೆಯುವುದು ಕ್ಷೇಮ. ಬ್ರೌಸರಿನ ಖಾಸಗಿ ಕಿಟಕಿ ತೆರೆದರೆ ಸಾಕೆಂದು ಹಲವರು ನಂಬಿದ್ದಾರೆ. ಅದು ಆ ಬ್ರೌಸರಿನಲ್ಲಿ ಭೇಟಿಯ ಇತಿಹಾಸ ಉಳಿಯದಂತೆ ಮಾಡುತ್ತದೆ ಅಷ್ಟೆ. ಯಂತ್ರದಲ್ಲೇ ಕೂತ ನಿಗಾ ತಂತ್ರಾಂಶಕ್ಕೂ ಕಚೇರಿಯ ಜಾಲಕ್ಕೂ ಅದು ಅಡ್ಡಿಯಲ್ಲ. ವಿಳಾಸದ ಪಕ್ಕದ ಬೀಗದ ಚಿಹ್ನೆಯೂ ಪೂರ್ಣ ಭರವಸೆಯಲ್ಲ: ಕಂಪನಿ ತನ್ನದೇ ಭದ್ರತಾ ಪ್ರಮಾಣಪತ್ರವನ್ನು ಯಂತ್ರದಲ್ಲಿ ಅಳವಡಿಸಿದ್ದರೆ, ಗೂಢಲಿಪಿಯಲ್ಲಿ ಹೋಗುವ ಸಂವಹನವನ್ನೂ ನಡುವೆ ಬಿಚ್ಚಿ ಪರಿಶೀಲಿಸಿ ಮತ್ತೆ ಮುಚ್ಚಿ ಕಳಿಸಬಹುದು. ಕಚೇರಿಯ ಚಾಟ್‌ನಲ್ಲಿ ಇಬ್ಬರೇ ಆಡಿದ ಮಾತನ್ನು ಕೂಡ ನಿರ್ವಾಹಕರು ಹೊರತೆಗೆಯುವ ಅವಕಾಶ ಅನೇಕ ವ್ಯವಸ್ಥೆಗಳಲ್ಲಿದೆ.

ಗೊಂದಲವಿರುವುದು ಸ್ವಂತ ಮೊಬೈಲ್‌ನಲ್ಲಿ. ಆಂಡ್ರಾಯ್ಡ್‌ನಲ್ಲಿ ಕೆಲಸದ ಆ್ಯಪ್‌ಗಳ ಮೇಲೆ ಪುಟ್ಟ ಬ್ರೀಫ್‌ಕೇಸ್ ಗುರುತಿದ್ದರೆ ಅದು ‘ವರ್ಕ್ ಪ್ರೊಫೈಲ್’, ಅಂದರೆ ಫೋನಿನಲ್ಲಿ ಕೆಲಸಕ್ಕೆಂದೇ ಬೇರ್ಪಡಿಸಿದ ಭಾಗ. ಇದು ತಕ್ಕಮಟ್ಟಿಗೆ ಸಭ್ಯ ವ್ಯವಸ್ಥೆ. ನಿಮ್ಮ ಫೋಟೊ, ಸ್ವಂತ ಸಂದೇಶಗಳು ಕಂಪನಿಯ ಕೈಗೆ ಸಿಗುವುದಿಲ್ಲ. ಕೆಲಸ ಬಿಟ್ಟಾಗ ಆ ಭಾಗವನ್ನಷ್ಟೇ ಅಳಿಸುತ್ತಾರೆ. ಗುರುತಿಲ್ಲದೆ, ಕಚೇರಿಯ ಇಮೇಲ್ ಜೋಡಿಸುವಾಗ ‘ಸಾಧನ ನಿರ್ವಾಹಕ’ ಅನುಮತಿ ಕೇಳಿದ್ದರೆ ಆ ಪಟ್ಟಿಯನ್ನು ನಿಧಾನವಾಗಿ ಓದಿ. ‘ಎಲ್ಲ ದತ್ತಾಂಶ ಅಳಿಸುವುದು’ ಎಂಬ ಸಾಲು ಅಲ್ಲಿದ್ದರೆ, ಕಚೇರಿಯಿಂದ ಬರುವ ಒಂದೇ ಆದೇಶಕ್ಕೆ ನಿಮ್ಮ ಮಗುವಿನ ಫೋಟೊಗಳೂ ಹೋಗಬಹುದು. ಐಫೋನ್‌ನಲ್ಲಿ ‘ಸೆಟ್ಟಿಂಗ್ಸ್’ನ ‘ಜನರಲ್’ ವಿಭಾಗದಲ್ಲಿ ‘ವಿಪಿಎನ್ ಮತ್ತು ಡಿವೈಸ್ ಮ್ಯಾನೇಜ್‌ಮೆಂಟ್’ ತೆರೆದರೆ ಕಂಪನಿ ಏನನ್ನಾದರೂ ಅಳವಡಿಸಿದೆಯೇ ಎಂದು ಕಾಣುತ್ತದೆ.

ಸ್ವಂತ ಫೋನನ್ನು ಕೆಲಸಕ್ಕೆ ಬಳಸುವಂತೆ ಒತ್ತಾಯಿಸಿದರೆ, ಬೇರೆ ಫೋನ್ ಕೊಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

3. ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತಾರೆ

ಬಹುತೇಕ ನೀತಿಗಳು ಇಲ್ಲಿ ಮೌನ. ‘ಅಧಿಕೃತ ಸಿಬ್ಬಂದಿ’, ‘ಅಗತ್ಯವಿರುವಷ್ಟು ಕಾಲ’ ಎಂಬ ಎರಡು ನುಡಿಗಟ್ಟುಗಳಲ್ಲಿ ಕೆಲಸ ಮುಗಿಸಿರುತ್ತಾರೆ. ಈ ಮೌನ ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿದ್ದ ಎಚ್ ಆ್ಯಂಡ್ ಎಂ ಕಂಪನಿಯ ಸೇವಾ ಕೇಂದ್ರವನ್ನು ನೋಡಬೇಕು. ರಜೆಯಿಂದಲೋ ಕಾಯಿಲೆಯಿಂದಲೋ ಮರಳಿದ ಉದ್ಯೋಗಿಯನ್ನು ಮೇಲಧಿಕಾರಿ ಕೂರಿಸಿಕೊಂಡು ಮಾತನಾಡಿಸುತ್ತಿದ್ದರು. ಹೊರನೋಟಕ್ಕೆ ಕುಶಲೋಪರಿ. ಆ ಮಾತಿನಲ್ಲಿ ಬಂದ ರೋಗಲಕ್ಷಣಗಳು, ಮನೆಯ ಸಮಸ್ಯೆಗಳು, ಧಾರ್ಮಿಕ ನಂಬಿಕೆಗಳು ಟಿಪ್ಪಣಿಗಳಾಗಿ ಕಚೇರಿಯ ಜಾಲದ ಡ್ರೈವ್‌ಗೆ ಸೇರುತ್ತಿದ್ದವು. ಅವುಗಳಲ್ಲಿ ಕೆಲವನ್ನು ಐವತ್ತರಷ್ಟು ವ್ಯವಸ್ಥಾಪಕರು ಓದಬಹುದಾಗಿತ್ತು. 2019ರ ಅಕ್ಟೋಬರ್‌ನಲ್ಲಿ ತಾಂತ್ರಿಕ ದೋಷದಿಂದ ಕೆಲವು ಗಂಟೆ ಆ ಡ್ರೈವ್ ಇಡೀ ಕಂಪನಿಗೆ ತೆರೆದುಕೊಂಡಾಗಲೇ ವಿಷಯ ಬಯಲಾದದ್ದು. ಮರುವರ್ಷ ಹ್ಯಾಂಬರ್ಗ್‌ನ ದತ್ತಾಂಶ ಸಂರಕ್ಷಣಾ ಪ್ರಾಧಿಕಾರ ಸುಮಾರು 3.53 ಕೋಟಿ ಯೂರೊ ದಂಡ ವಿಧಿಸಿತು. ಇಲ್ಲಿ ಕ್ಯಾಮೆರಾ ಇರಲಿಲ್ಲ, ನಿಗಾ ತಂತ್ರಾಂಶವೂ ಇರಲಿಲ್ಲ. ಒಂದು ಮಾತುಕತೆ, ಒಂದು ಕಡತ, ಮಿತಿಯಿಲ್ಲದ ಕುತೂಹಲ, ಇಷ್ಟೇ.

ಈಗ ಸಭೆಗಳಲ್ಲಿ ಟಿಪ್ಪಣಿ ಬರೆಯಲು ಎಐ ಸಹಾಯಕ ಬಂದು ಕೂರುತ್ತಿದೆ. ಇದರ ಬಗ್ಗೆ ನೀತಿಯಲ್ಲಿ ಸಾಲಿದೆಯೇ ನೋಡಿ. ಮಾತಿನ ಪೂರ್ತಿ ಪಠ್ಯ ಯಾರಿಗೆ ಹೋಗುತ್ತದೆ, ಧ್ವನಿಮುದ್ರಣ ಎಂದು ಅಳಿಯುತ್ತದೆ, ಬೇಡವೆನ್ನುವ ಹಕ್ಕು ಯಾರಿಗಿದೆ ಎಂದು ಕೇಳಿ. ಅಧಿಕೃತ ಸಭೆ ಮುಗಿದ ಮೇಲಿನ ಹರಟೆಯೂ ದಾಖಲಾಗುವ ಅಪಾಯ ಇಲ್ಲಿದೆ.

4. ಬೆರಳಚ್ಚು, ಮುಖ ಕೇಳಿದರೆ ಪರ್ಯಾಯ ಕೇಳಿ

ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಬೆರಳನ್ನಲ್ಲ. ಆದ್ದರಿಂದ ಹಾಜರಾತಿಗೆ ಬೆರಳಚ್ಚು ಅಥವಾ ಮುಖ ಗುರುತಿಸುವಿಕೆ ಕಡ್ಡಾಯವೆಂದಾಗ ಪ್ರಶ್ನೆ ಒಂದೇ: ಕಾರ್ಡಿನಿಂದ ಆಗದ ಯಾವ ಕೆಲಸ ಇದರಿಂದ ಆಗುತ್ತದೆ? ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2024ರ ಫೆಬ್ರುವರಿಯಲ್ಲಿ ಸರ್ಕೊ ಲೀಷರ್ ಸಂಸ್ಥೆಗೆ ಹೆಚ್ಚುಕಡಿಮೆ ಇದನ್ನೇ ಕೇಳಿತು. 38 ವಿಹಾರ ಕೇಂದ್ರಗಳ ಎರಡು ಸಾವಿರಕ್ಕೂ ಹೆಚ್ಚು ನೌಕರರ ಹಾಜರಾತಿಗೆ ಮುಖ, ಬೆರಳಚ್ಚು ಬಳಸುವುದನ್ನು ನಿಲ್ಲಿಸಲು ಆದೇಶಿಸಿತು. ಗುರುತಿನ ಚೀಟಿಯಂಥ ಸರಳ ದಾರಿಗಳಿದ್ದವು, ನೌಕರರಿಗೆ ಸ್ಪಷ್ಟ ಪರ್ಯಾಯ ನೀಡಿರಲಿಲ್ಲ ಎಂಬುದು ಆಯುಕ್ತರ ಆಕ್ಷೇಪ.

5. ಕಾನೂನು ಎಷ್ಟು ಆಸರೆ ಕೊಡುತ್ತದೆ?

ದೇಶಕ್ಕೊಂದು ಬಗೆ. ಯುರೋಪಿನಲ್ಲಿ ಆಸರೆ ಗಟ್ಟಿ: ಕಂಪನಿ ನಿಮ್ಮ ಬಗ್ಗೆ ಇಟ್ಟಿರುವ ದತ್ತಾಂಶದ ಪ್ರತಿ ಕೇಳಿದರೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಕೊಡಬೇಕು. ಕಚೇರಿಯ ಮೆಸೆಂಜರ್‌ನಲ್ಲಿ ಮನೆಯವರೊಂದಿಗೆ ಮಾತಾಡಿದ್ದಕ್ಕೆ 2007ರಲ್ಲಿ ಕೆಲಸ ಕಳೆದುಕೊಂಡ ರೊಮೇನಿಯಾದ ಎಂಜಿನಿಯರ್ ಒಬ್ಬರು ಹತ್ತು ವರ್ಷ ಹೋರಾಡಿದರು. 2016ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲೂ ಸೋತರು. ಅದೇ ನ್ಯಾಯಾಲಯದ ದೊಡ್ಡ ಪೀಠ 2017ರ ಸೆಪ್ಟೆಂಬರ್‌ನಲ್ಲಿ ತೀರ್ಪನ್ನು ತಿರುಗಿಸಿತು. ಸ್ವಂತಕ್ಕೆ ಬಳಸಬೇಡಿ ಎಂಬ ನಿಯಮವೊಂದಿದ್ದರೆ ಸಾಲದು, ನಿಗಾದ ಸ್ವರೂಪ ಮತ್ತು ವ್ಯಾಪ್ತಿಯನ್ನು ಮುಂಚೆಯೇ ತಿಳಿಸಿದ್ದರೇ ಎಂದು ನೋಡಬೇಕು ಎಂದಿತು.

ಬೇರೆಡೆ ಇಷ್ಟಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ನಿಗಾ ನೀತಿಯನ್ನು ಲಿಖಿತವಾಗಿ ಹೊಂದಿರಬೇಕೆಂದು 2022ರಲ್ಲಿ ಕಾನೂನು ಬಂತು. ನ್ಯೂಯಾರ್ಕ್ ರಾಜ್ಯದಲ್ಲೂ ಅದೇ ವರ್ಷದ ಮೇ ತಿಂಗಳಿಂದ ನೇಮಕಾತಿಯ ಹೊತ್ತಿಗೇ ಲಿಖಿತ ಸೂಚನೆ ಕಡ್ಡಾಯ. ಇವೆರಡೂ ಮೊದಲೇ ತಿಳಿಸಿ, ಆಮೇಲೆ ನೋಡಿ ಎನ್ನುತ್ತವೆಯೇ ಹೊರತು, ನೋಡಬೇಡಿ ಎನ್ನುವುದಿಲ್ಲ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಸೆಕ್ಷನ್, ಉದ್ಯೋಗದ ಉದ್ದೇಶಗಳಿಗೆ ಹಾಗೂ ಮಾಲೀಕರನ್ನು ನಷ್ಟದಿಂದ ಕಾಪಾಡುವುದಕ್ಕೆ ದತ್ತಾಂಶ ಬಳಸಲು ಪ್ರತ್ಯೇಕ ಒಪ್ಪಿಗೆ ಬೇಡವೆನ್ನುತ್ತದೆ. ಹಾಗಾಗಿ ಕಾನೂನು ಕಾಪಾಡುತ್ತದೆಂದು ಕೈಕಟ್ಟಿ ಕೂರುವುದು ಜಾಣತನವಲ್ಲ.

6. ಬರೆದು ಕೇಳಿ, ಸಾಧ್ಯವಾದರೆ ಒಟ್ಟಾಗಿ ಕೇಳಿ

ಮಾತಿನಲ್ಲಿ ಸಿಕ್ಕ ಭರವಸೆಗೆ ಆಯುಷ್ಯ ಕಡಿಮೆ. ವ್ಯವಸ್ಥಾಪಕರು ಬದಲಾದರೆ ಅದೂ ಹೋಯಿತು. ಪತ್ರದಲ್ಲಿ ಸಿಟ್ಟು ಬೇಡ, ಸಿದ್ಧಾಂತವೂ ಬೇಡ. ಹೀಗೆ ಬರೆದರೆ ಸಾಕು:

‘ಮಾನ್ಯರೇ, ಪರಿಷ್ಕೃತ ನೀತಿಯನ್ನು ಓದಿದ್ದೇನೆ. ಭದ್ರತೆಯ ಅಗತ್ಯವನ್ನು ಒಪ್ಪುತ್ತೇನೆ. 4.2ನೇ ಷರತ್ತಿನಲ್ಲಿರುವ ಕೆಲಸಕ್ಕೆ ಬಳಸುವ ಸಾಧನಗಳಲ್ಲಿ ನನ್ನ ಸ್ವಂತ ಮೊಬೈಲ್ ಸೇರುತ್ತದೆಯೇ? ಪರದೆಯ ಚಿತ್ರಗಳನ್ನು ತೆಗೆಯಲಾಗುತ್ತದೆಯೇ? ತೆಗೆದರೆ ಯಾರು ನೋಡುತ್ತಾರೆ, ಎಷ್ಟು ದಿನಕ್ಕೆ ಅಳಿಸುತ್ತಾರೆ? ಈ ದಾಖಲೆಗಳನ್ನು ವಾರ್ಷಿಕ ಮೌಲ್ಯಮಾಪನಕ್ಕೆ ಬಳಸುವುದಾದರೆ, ಅವುಗಳನ್ನು ನೋಡಿ ಉತ್ತರಿಸಲು ನನಗೆ ಅವಕಾಶವಿದೆಯೇ? ಸ್ಪಷ್ಟನೆ ಬರುವವರೆಗೆ ಗಡುವನ್ನು ಮುಂದೂಡಬೇಕೆಂದು ಕೋರುತ್ತೇನೆ.’

ಒಬ್ಬರೇ ಕೇಳಿದರೆ ತಕರಾರಿನವರೆಂಬ ಹಣೆಪಟ್ಟಿ ಬೀಳಬಹುದು. ವಿಭಾಗದ ಹತ್ತು ಮಂದಿ ಒಂದೇ ಪತ್ರಕ್ಕೆ ಸಹಿ ಹಾಕಿದರೆ ಅದು ವಿಚಾರಣೆಯಾಗುತ್ತದೆ. ನೌಕರರ ಸಂಘವಿದ್ದರೆ ಅದರ ಮೂಲಕವೇ ಹೋಗಿ. ಜರ್ಮನಿಯಲ್ಲಿ ನೌಕರರ ವರ್ತನೆ ಅಥವಾ ಕಾರ್ಯಕ್ಷಮತೆಯ ಮೇಲೆ ನಿಗಾ ಇಡಬಲ್ಲ ಯಂತ್ರಗಳನ್ನು ಅಳವಡಿಸಬೇಕಾದರೆ, ನೌಕರರ ಮಂಡಳಿ ಇರುವ ಕಡೆ ಅದರ ಸಮ್ಮತಿ ಬೇಕೇ ಬೇಕು.

ಕೇಳಿ ಏನು ಪ್ರಯೋಜನ ಎನ್ನುವವರು 2020ನ್ನು ನೆನಪಿಸಿಕೊಳ್ಳಲಿ. ಸಭೆಯ ಕಿಟಕಿಯಿಂದ ಅರ್ಧ ನಿಮಿಷಕ್ಕಿಂತ ಹೆಚ್ಚು ಆಚೆ ಹೋದವರನ್ನು ಆತಿಥೇಯರಿಗೆ ತೋರಿಸುತ್ತಿದ್ದ ಸೌಲಭ್ಯವನ್ನು ಜೂಮ್ ಏಪ್ರಿಲ್‌ನಲ್ಲಿ ಕಿತ್ತುಹಾಕಿತು. ಕಚೇರಿಯ ತಂತ್ರಾಂಶಗಳ ಬಳಕೆಗೆ ಅಂಕ ಕೊಡುತ್ತಿದ್ದ ತನ್ನ ‘ಪ್ರೊಡಕ್ಟಿವಿಟಿ ಸ್ಕೋರ್’ನಿಂದ ಮೈಕ್ರೊಸಾಫ್ಟ್ ವ್ಯಕ್ತಿಗಳ ಹೆಸರನ್ನು ತೆಗೆಯುವುದಾಗಿ ಡಿಸೆಂಬರ್ ಹೊತ್ತಿಗೆ ಪ್ರಕಟಿಸಿತು. ಎರಡೂ ಬದಲಾದದ್ದು ಟೀಕೆ ಜೋರಾದ ಮೇಲೆ.

7. ನಿಮ್ಮ ಕಡೆಯ ಶಿಸ್ತು

ಮೌಸ್ ಅನ್ನು ತಾನಾಗಿ ಅಲುಗಾಡಿಸುವ ಉಪಕರಣಗಳ ತಂಟೆಗೆ ಹೋಗಬೇಡಿ. ಕೀಲಿಮಣೆಯ ಚಟುವಟಿಕೆಯನ್ನು ಕೃತಕವಾಗಿ ತೋರಿಸಿದ ಕಾರಣಕ್ಕೆ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕ್ 2024ರಲ್ಲಿ ಹನ್ನೆರಡಕ್ಕೂ ಹೆಚ್ಚು ಮಂದಿಯನ್ನು ಕೆಲಸದಿಂದ ತೆಗೆಯಿತು. ಕೀಲಿ ಒತ್ತಿದ್ದನ್ನು ಎಣಿಸಿ ದುಡಿಮೆ ಅಳೆಯುವ ಪದ್ಧತಿ ಎಷ್ಟೇ ಹಾಸ್ಯಾಸ್ಪದವಿರಲಿ, ಅದನ್ನು ವಂಚಿಸಿದವರ ಪರ ವಾದಿಸುವುದು ಕಷ್ಟ.

ವೈದ್ಯಕೀಯ ವರದಿ, ಬ್ಯಾಂಕ್ ವ್ಯವಹಾರ, ಬೇರೆ ಕೆಲಸಕ್ಕೆ ಹಾಕುವ ಅರ್ಜಿ, ಇವು ಕಚೇರಿಯ ಯಂತ್ರದಲ್ಲಿ ಬೇಡವೇ ಬೇಡ. ಕಚೇರಿಯ ಗುಟ್ಟನ್ನೂ ಹೊರಗಿನ ಎಐ ಪೆಟ್ಟಿಗೆಗೆ ಅಂಟಿಸಬೇಡಿ. ನೌಕರರೊಬ್ಬರು ತಂತ್ರಾಂಶದ ಸೂಕ್ಷ್ಮ ಕೋಡ್ ಅನ್ನು ಚಾಟ್‌ಬಾಟ್‌ಗೆ ಹಾಕಿದ್ದು ಗೊತ್ತಾಗಿ ಸ್ಯಾಮ್‌ಸಂಗ್ 2023ರಲ್ಲಿ ಅಂಥ ಸಾಧನಗಳ ಬಳಕೆಯನ್ನು ನಿರ್ಬಂಧಿಸಿತ್ತು. ಖಾಸಗಿತನ ಕೇಳುವವರು ಗೋಪ್ಯತೆಯನ್ನೂ ಪಾಲಿಸಿದರೆ ಮಾತಿಗೆ ತೂಕ ಬರುತ್ತದೆ.

8. ಗುಂಡಿ ಒತ್ತುವಾಗ, ಕೆಲಸ ಬಿಡುವಾಗ

ಕೊನೆಗೆ ಒತ್ತಲೇಬೇಕಾಗಬಹುದು. ಆಗ ಆ ಗುಂಡಿ ಓದಿದ್ದನ್ನು ದೃಢಪಡಿಸುತ್ತದೆಯೇ ಅಥವಾ ಒಪ್ಪಿಗೆ ಪಡೆಯುತ್ತದೆಯೇ ಎಂದು ನೋಡಿಕೊಳ್ಳಿ. ಎರಡನೆಯದಾಗಿದ್ದು ಪ್ರಶ್ನೆಗಳು ಬಾಕಿಯಿದ್ದರೆ, ‘ಇಂಥ ದಿನಾಂಕದ ನನ್ನ ಪತ್ರಕ್ಕೆ ಉತ್ತರ ಬರಬೇಕಿದೆ’ ಎಂದು ಅದೇ ದಿನ ಒಂದು ಸಾಲಿನ ಇಮೇಲ್ ಕಳಿಸಿ. ನೀತಿಯ ಪ್ರತಿ, ನಿಮ್ಮ ಪತ್ರ, ಅವರ ಉತ್ತರ ಮೂರನ್ನೂ ಮುದ್ರಿಸಿ ಮನೆಯಲ್ಲಿಡಿ. ಗೋಪ್ಯವೆಂದು ಗುರುತು ಹಾಕಿದ ಕಡತವನ್ನು ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳುವುದು ಬೇಡ, ಅದೇ ಒಂದು ಉಲ್ಲಂಘನೆಯಾದೀತು.

ಕೆಲಸ ಬಿಡುವ ವಾರದಲ್ಲಿ ಸ್ವಂತ ಫೋಟೊ, ಸಂಪರ್ಕ ಸಂಖ್ಯೆಗಳ ಬ್ಯಾಕಪ್ ಮೊದಲು ಮಾಡಿಕೊಳ್ಳಿ. ಆಮೇಲೆ ಮೊಬೈಲ್‌ನಿಂದ ವರ್ಕ್ ಪ್ರೊಫೈಲ್ ತೆಗೆಸಿ. ಬೆರಳಚ್ಚು ಅಥವಾ ಮುಖದ ದತ್ತಾಂಶ ಕೊಟ್ಟಿದ್ದರೆ, ಅದನ್ನು ಅಳಿಸಿದ ದಿನಾಂಕವನ್ನು ಲಿಖಿತವಾಗಿ ಕೊಡಿ ಎಂದು ಬಿಡುಗಡೆ ಪತ್ರದ ಜೊತೆಗೇ ಕೇಳಿ.