ಕಲಶ ಕೂರಿಸುವ ಮುನ್ನ, ಇಳಿಸಿದ ಮೇಲೆ

ಶ್ರಾವಣ ಬಂತು ಅಂದರೆ ಮನೆಯ ಹೆಣ್ಣುಮಕ್ಕಳೆಲ್ಲ ನನ್ನನ್ನು ಕೇಳುವುದು ಒಂದೇ ಮಾತು. "ಅಮ್ಮಾ, ಕಲಶ ವಾಲದ ಹಾಗೆ ಕೂರಿಸೋದು ಹೇಗೆ?" ಹುಣ್ಣಿಮೆಗೆ ಮುಂಚಿನ ಶುಕ್ರವಾರ ವರಮಹಾಲಕ್ಷ್ಮಿ ವ್ರತ. ಸೀರೆ ಉಡಿಸಿ, ಮುಖವಾಡ ಕಟ್ಟಿ, ಎಲ್ಲ ಮುಗಿಯಿತು ಅನ್ನುವಾಗ ಕಲಶ ಒಂದು ಕಡೆ ವಾಲಿದರೆ ಕೈಕಾಲು ಆಡುವುದಿಲ್ಲ.

ಭಾರವೆಲ್ಲ ಕೆಳಗಿರಬೇಕು, ಅಷ್ಟೇ. ಅಗಲ ಬಾಯಿಯ ಪಾತ್ರೆಗೆ ಅಕ್ಕಿ ತುಂಬಿ, ಅದರೊಳಗೆ ಚೊಂಬನ್ನು ಕಾಲುಭಾಗ ಹೂತುಹೋಗುವಂತೆ ಒತ್ತಿ ಕೂರಿಸಿ. ಕೆಲವರ ಮನೆಯಲ್ಲಿ ಚೊಂಬಿಗೆ ನೀರು ತುಂಬುತ್ತಾರೆ, ನಮ್ಮಲ್ಲಿ ಅಕ್ಕಿ. ಜೊತೆಗೆ ಅರಿಶಿನದ ಕೊಂಬು, ಅಡಿಕೆ, ಖರ್ಜೂರ, ಒಂದು ನಾಣ್ಯ. ಅಕ್ಕಿ ಕತ್ತಿನ ತನಕ ಬಂದರೆ ಕಾಯಿ ಗಟ್ಟಿಯಾಗಿ ನಿಲ್ಲುತ್ತದೆ. ಜುಟ್ಟಿರುವ ಕಾಯಿ ನೋಡಿ ತನ್ನಿ. ಮುಖವಾಡದ ದಾರ ಕಟ್ಟಲು ಆ ಜುಟ್ಟೇ ಆಧಾರ. ಕಾಯಿಗೆ ಅರಿಶಿನವನ್ನು ಗುರುವಾರ ರಾತ್ರಿಯೇ ಗಟ್ಟಿಯಾಗಿ ಕಲಸಿ ಹಚ್ಚಿ, ಒಣಗಲು ಬಿಡಿ. ಹಸಿ ಇರುವಾಗ ಸೀರೆ ಉಡಿಸಿದರೆ ಆ ಕಲೆ ಜನ್ಮಕ್ಕೂ ಹೋಗುವುದಿಲ್ಲ.

ಸೀರೆಯ ನೆರಿಗೆಯನ್ನೂ ಹಿಂದಿನ ರಾತ್ರಿಯೇ ಹಿಡಿದು, ದಾರ ಕಟ್ಟಿ, ಹಾಸಿಗೆಯ ಕೆಳಗಿಟ್ಟುಬಿಡಿ. ಬೆಳಿಗ್ಗೆ ಇಸ್ತ್ರಿ ಮಾಡಿದ ಹಾಗಿರುತ್ತದೆ. ದೀಪ ಮಾತ್ರ ಸೆರಗಿನಿಂದ ಒಂದು ಮೊಳ ದೂರ ಇರಲಿ. ಫ್ಯಾನ್ ಗಾಳಿಗೆ ಸೆರಗು ಹಾರುತ್ತದೆ, ಮರೆಯಬೇಡಿ. ತಾವರೆ ಮೊಗ್ಗು ಸಿಕ್ಕರೆ ರಾತ್ರಿ ದಂಟನ್ನು ನೀರಿನಲ್ಲಿಡಿ. ಬೆಳಿಗ್ಗೆ ಹೊರಗಿನ ಎಸಳುಗಳನ್ನು ಒಂದೊಂದಾಗಿ ಹಿಂದಕ್ಕೆ ಮಡಚಿದರೆ ಹೂವು ಅರಳಿದ ಹಾಗೇ ಕಾಣುತ್ತದೆ. ಪೂಜೆಯಾದ ಮೇಲೆ ಕೈಗೆ ಕಟ್ಟಿಕೊಳ್ಳುವ ದಾರ, ಅಂದರೆ ದೋರಕ್ಕೆ ನಮ್ಮ ಮನೆಯಲ್ಲಿ ಒಂಬತ್ತು ಎಳೆ, ಒಂಬತ್ತು ಗಂಟು. ನಿಮ್ಮ ಮನೆಯಲ್ಲಿ ಹನ್ನೆರಡು ಇದ್ದರೆ ಹನ್ನೆರಡೇ ಹಾಕಿ. ಅವರವರ ಮನೆಯ ಪದ್ಧತಿ.

ಕಲಶಕ್ಕೆ ಅಕ್ಕಿ ಯಾಕೆ ಅಂತ ಮೊಮ್ಮಗಳು ಒಮ್ಮೆ ಕೇಳಿದಳು. ಲಕ್ಷ್ಮಿ ಅಂದರೆ ಬರೀ ದುಡ್ಡು ಅಂದುಕೊಂಡಿದ್ದಳು. ಲಕ್ಷ್ಮಿಯನ್ನು ಸ್ತುತಿಸುವ ಶ್ರೀಸೂಕ್ತದಲ್ಲಿ ಆ ದೇವಿಯನ್ನು 'ಆರ್ದ್ರಾ' ಅಂತ ಕರೆಯುತ್ತಾರೆ, ಅಂದರೆ ಒದ್ದೆಯಾಗಿರುವವಳು. 'ಕರೀಷಿಣಿ' ಅಂತಲೂ ಇದೆ. ಕರೀಷ ಅಂದರೆ ಸಗಣಿ. ಅಲ್ಲಿ ಅವಳ ಮಗನ ಹೆಸರು ಕರ್ದಮ, ಅಂದರೆ ಕೆಸರು. ಮಳೆ, ಕೆಸರು, ಗೊಬ್ಬರ. ಇವು ಸೇರಿದರೆ ತಾನೇ ಬೆಳೆ? ಹಳೇ ಮನೆಗಳ ಬಾಗಿಲ ಮೇಲೆ ಗಜಲಕ್ಷ್ಮಿಯನ್ನು ಕೆತ್ತಿರುತ್ತಾರಲ್ಲ, ಎರಡು ಕಡೆ ಆನೆಗಳು ನಿಂತು ಅವಳ ತಲೆ ಮೇಲೆ ನೀರು ಸುರಿಯುತ್ತವೆ. ಆ ಆನೆಗಳು ಮಳೆಯ ಮೋಡಗಳು. ತಾವರೆಯೂ ಕೆಸರಿನಲ್ಲೇ ಹುಟ್ಟುತ್ತದೆ. ಇದನ್ನೆಲ್ಲ ಹೇಳಿದ ಮೇಲೆ ಹುಡುಗಿ ಅಕ್ಕಿ ಅಳೆಯುವಾಗ ಒಂದು ಕಾಳೂ ಕೆಳಗೆ ಬೀಳದ ಹಾಗೆ ನೋಡಿಕೊಂಡಳು.

ಅದಕ್ಕೇ ಸಾಲ ಮಾಡಿ ಹಬ್ಬ ಮಾಡಬೇಡಿ ಅನ್ನುತ್ತೇನೆ. ಬೆಳ್ಳಿ ಮುಖವಾಡ ಇಲ್ಲದಿದ್ದರೆ ಕಾಯಿಗೇ ಅರಿಶಿನ ಹಚ್ಚಿ, ಕುಂಕುಮವಿಟ್ಟು, ಕಣ್ಣು ಬರೆಯಿರಿ. ನನ್ನ ಮೊದಲ ಹತ್ತು ವರ್ಷ ಹಾಗೇ ನಡೆದವು. ವ್ರತದ ಕತೆಯ ಚಾರುಮತಿಯೂ ಕನಸು ಕಂಡು, ಬೀದಿಯ ಹೆಂಗಸರನ್ನೆಲ್ಲ ಸೇರಿಸಿಕೊಂಡೇ ಪೂಜೆ ಮಾಡಿದಳು.

ಸೇರಿಸಿಕೊಂಡು ಅಂದೆನಲ್ಲ, ಒಂದು ಮಾತು ಹೇಳಲೇಬೇಕು. ನಮ್ಮತ್ತೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಹಬ್ಬದ ಹೂವೆಲ್ಲ ಅವರೇ ಕಟ್ಟುತ್ತಿದ್ದರು, ಹೋಳಿಗೆಯ ಹೂರಣ ಅವರೇ ರುಬ್ಬುತ್ತಿದ್ದರು. ಸಂಜೆ ಅರಿಶಿನ ಕುಂಕುಮದ ತಟ್ಟೆ ಬಂದಾಗ ಮಾತ್ರ ಎದ್ದು ಒಳಗೆ ಹೋಗುತ್ತಿದ್ದರು. ಯಾರೂ ಹೋಗಿ ಅನ್ನುತ್ತಿರಲಿಲ್ಲ, ಯಾರೂ ಕೂತ್ಕೊಳ್ಳಿ ಅಂತಲೂ ಅನ್ನುತ್ತಿರಲಿಲ್ಲ. ನಾನೂ ಎಷ್ಟೋ ವರ್ಷ ಸುಮ್ಮನಿದ್ದೆ. ಆಮೇಲೆ ಒಂದು ಸಲ ಮೊದಲ ತಾಂಬೂಲ ಅವರ ಕೈಗೇ ಕೊಟ್ಟು ಕಾಲಿಗೆ ಬಿದ್ದೆ. ಅವರು ಆ ಎಲೆ ಅಡಿಕೆಯನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು. ಅಂದಿನಿಂದ ನಮ್ಮ ಮನೆಗೆ ಬಂದ ಯಾರೂ ಬರಿಗೈಯಲ್ಲಿ ಹೋಗಿಲ್ಲ. ನೀವೂ ಹಾಗೇ ಮಾಡಿ.

ಶನಿವಾರ ಬೆಳಿಗ್ಗೆ ಮಂಗಳಾರತಿ ಮಾಡಿ, ಕಲಶವನ್ನು ಸ್ವಲ್ಪ ಉತ್ತರಕ್ಕೆ ಸರಿಸಿದರೆ ವಿಸರ್ಜನೆ ಆದ ಹಾಗೆ. ಕಲಶದ ಅಕ್ಕಿ ಪಾಯಸಕ್ಕೆ. ಜಾಸ್ತಿ ಇದ್ದರೆ ಅಕ್ಕಿ ಡಬ್ಬಕ್ಕೇ ಬೆರೆಸಿ, ವರ್ಷವಿಡೀ ಅದು ತುಂಬಿರಲಿ ಅಂತ. ನೀರಿಟ್ಟಿದ್ದರೆ ಮನೆಯೊಳಗೆ ಚಿಮುಕಿಸಿ, ಉಳಿದದ್ದನ್ನು ತುಳಸಿಗೆ ಹಾಕಿ. ಬೆಳ್ಳಿ ಮುಖವಾಡವನ್ನು ಒಣ ವಿಭೂತಿ, ಮೆತ್ತನೆ ಬಟ್ಟೆಯಿಂದ ಉಜ್ಜಿ ಎತ್ತಿಡಿ. ಹುಣಸೆಹಣ್ಣು ಹಿತ್ತಾಳೆ, ತಾಮ್ರಕ್ಕೆ. ಕಾಯಿಯನ್ನು ತೊಳೆದು ಅದೇ ವಾರ ಒಡೆದುಬಿಡಿ. ಒಳಗೆ ಕೆಟ್ಟಿದ್ದರೆ ಹೆದರಬೇಡಿ. ಅದು ಕಾಯಿಯ ದೋಷ, ನಿಮ್ಮ ಪೂಜೆಯದ್ದಲ್ಲ. ಚೆನ್ನಾಗಿದ್ದರೆ ತುರಿದು, ಬೆಲ್ಲ ಹಾಕಿ ಕಾಯಿಹೋಳಿಗೆ ಮಾಡಿ. ಪಕ್ಕದ ಮನೆಯವರಿಗೆ ಕಳಿಸುವಾಗ ಬಿಸಿ ಇರುವಾಗಲೇ ಕಳಿಸಿ.