ಇನ್ಸರ್ಟ್ ಎಷ್ಟು ಹಾಕಬೇಕು: ಲೈಗೇಷನ್ ಲೆಕ್ಕದಲ್ಲಿ ನಾನು ಎಡವಿದ್ದು

ಹಸಿರು ಪ್ರತಿದೀಪ್ತ ಪ್ರೋಟೀನಿನ ಜೀನನ್ನು ಪಿಇಟಿ-28ಎ ವೆಕ್ಟರಿಗೆ ಸೇರಿಸುವುದು ಸಂಶೋಧನೆಯಲ್ಲಿ ನನಗೆ ಸಿಕ್ಕ ಮೊದಲ ಕೆಲಸ. ವೆಕ್ಟರ್ ಎಂದರೆ ಜೀನನ್ನು ಬ್ಯಾಕ್ಟೀರಿಯಾದೊಳಗೆ ಒಯ್ಯುವ ಉಂಗುರದಂಥ ಡಿಎನ್ಎ, ಅದಕ್ಕೆ ಸೇರಿಸುವ ತುಣುಕು ಇನ್ಸರ್ಟ್, ಎರಡನ್ನೂ ಬೆಸೆಯುವುದು ಲೈಗೇಷನ್. ವೆಕ್ಟರ್ ಒಂದಕ್ಕೆ ಇನ್ಸರ್ಟ್ ಮೂರರಂತೆ ಹಾಕಬೇಕೆಂದು ಹಿರಿಯರು ಹೇಳಿದ್ದನ್ನು ನಾನು ತೂಕವೆಂದೇ ತಿಳಿದು, 50 ನ್ಯಾನೋಗ್ರಾಂ ವೆಕ್ಟರಿಗೆ 150 ನ್ಯಾನೋಗ್ರಾಂ ಇನ್ಸರ್ಟ್ ಬೆರೆಸಿ, ಬೆಸೆಯುವ ಕಿಣ್ವವಾದ ಟಿ4 ಲೈಗೇಸ್ ಹಾಕಿ ರಾತ್ರಿಯಿಡೀ 16 ಡಿಗ್ರಿಯಲ್ಲಿಟ್ಟೆ. ಟ್ರಾನ್ಸ್‌ಫಾರ್ಮ್ ಮಾಡಿದ, ಎಂದರೆ ಆ ಡಿಎನ್ಎಯನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿದ ಮರುದಿನ, ವೆಕ್ಟರ್ ಹೊಕ್ಕ ಬ್ಯಾಕ್ಟೀರಿಯಾ ಮಾತ್ರ ಬೆಳೆಯುವ ಕ್ಯಾನಮೈಸಿನ್ ಪ್ಲೇಟಿನಲ್ಲಿದ್ದದ್ದು ನಾಲ್ಕು ಕಾಲೊನಿ. ಇನ್ಸರ್ಟ್ ಇಲ್ಲದ ಕಂಟ್ರೋಲ್ ಪ್ಲೇಟಿನಲ್ಲಿಯೂ ಮೂರಿದ್ದವು.

ಆ ಅನುಪಾತ ಅಣುಗಳ ಎಣಿಕೆಗೆ ಸಂಬಂಧಿಸಿದ್ದು. ಒಂದು ಕಿಲೋ ಅವರೆಕಾಳಿನಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕಾಳು ಒಂದು ಕಿಲೋ ಸಾಸಿವೆಯಲ್ಲಿರುವ ಹಾಗೆ, ತೂಕ ಒಂದೇ ಆದರೂ ಗಿಡ್ಡ ಡಿಎನ್ಎ ತುಣುಕುಗಳ ಸಂಖ್ಯೆ ಹೆಚ್ಚಿರುತ್ತದೆ. ಆದ್ದರಿಂದ ವೆಕ್ಟರಿನ ನ್ಯಾನೋಗ್ರಾಮನ್ನು ಇನ್ಸರ್ಟಿನ ಉದ್ದದಿಂದ ಗುಣಿಸಿ, ವೆಕ್ಟರಿನ ಉದ್ದದಿಂದ ಭಾಗಿಸಿ, ಬಂದದ್ದನ್ನು ಬೇಕಾದ ಅನುಪಾತದಿಂದ ಗುಣಿಸಬೇಕು. ಪಿಇಟಿ-28ಎಯ ಪೂರ್ಣ ಉದ್ದ 5369 ಬೇಸ್ ಪೇರ್ (ಡಿಎನ್ಎ ಉದ್ದದ ಅಳತೆ). ಎನ್‌ಡಿಇ-1 ಮತ್ತು ಎಕ್ಸ್‌ಎಚ್‌ಒ-1 ಕಿಣ್ವಗಳಿಂದ ಕತ್ತರಿಸಿದ ಮೇಲೆ ಸುಮಾರು 5290 ಉಳಿಯುತ್ತದೆ. ನನ್ನ ಇನ್ಸರ್ಟ್ 720. ಹೀಗೆ 50 ನ್ಯಾನೋಗ್ರಾಂ ವೆಕ್ಟರಿಗೆ ಬೇಕಾದದ್ದು ಸುಮಾರು 20 ನ್ಯಾನೋಗ್ರಾಂ ಇನ್ಸರ್ಟ್ ಮಾತ್ರ. ನಾನು ಹಾಕಿದ್ದ 150, ಒಂದಕ್ಕೆ ಇಪ್ಪತ್ತೆರಡರ ಅನುಪಾತವಾಗಿತ್ತು. ಇನ್ಸರ್ಟ್ ಅಷ್ಟು ಹೆಚ್ಚಾದಾಗ ಅದರ ತುದಿಗಳು ತಮ್ಮತಮ್ಮಲ್ಲೇ ಬೆಸೆದುಕೊಳ್ಳುತ್ತವೆ. ವೆಕ್ಟರಿನ ಎರಡು ತುದಿಗಳಿಗೂ ಬೇರೆ ಬೇರೆ ಇನ್ಸರ್ಟ್ ಅಂಟಿಕೊಂಡು, ವೃತ್ತ ಮುಚ್ಚದೆ ಉಳಿಯುವ ಸಾಧ್ಯತೆಯೂ ಇದೆ.

ಲೆಕ್ಕ ಸರಿಪಡಿಸಿದರೂ ಎರಡನೆಯ ಸಲ ಸಿಕ್ಕಿದ್ದು ಹದಿನಾಲ್ಕೇ ಕಾಲೊನಿ. ಈ ಬಾರಿ ಸೂತ್ರ ತಪ್ಪಿರಲಿಲ್ಲ, ಅದಕ್ಕೆ ನಾನು ಕೊಟ್ಟ ಅಂಕಿ ತಪ್ಪಿತ್ತು. ಇನ್ಸರ್ಟಿನ ಸಾಂದ್ರತೆ ಮೈಕ್ರೋಲೀಟರಿಗೆ 21 ನ್ಯಾನೋಗ್ರಾಂ ಎಂದು ಸ್ಪೆಕ್ಟ್ರೋಫೋಟೋಮೀಟರ್ ತೋರಿಸಿತ್ತು. ಅದೇ ಹಾಳೆಯಲ್ಲಿ 260/230 ಅನುಪಾತ (ಆ ಎರಡು ನ್ಯಾನೋಮೀಟರ್ ತರಂಗಾಂತರಗಳ ಬೆಳಕನ್ನು ಮಾದರಿ ಹೀರುವ ಪ್ರಮಾಣಗಳ ಹೋಲಿಕೆ, ಶುದ್ಧತೆಯ ಅಳತೆ) ಬರೀ 0.4 ಎಂದಿದ್ದುದನ್ನು ನಾನು ಗಮನಿಸಿರಲಿಲ್ಲ. ಶುದ್ಧೀಕರಣದ ಕಾಲಮ್ಮಿನಿಂದ ಲವಣ ಇಳಿದು ಬಂದಿದೆ ಎಂಬುದಕ್ಕೆ ಅದು ಸೂಚನೆ, ಮೇಲಾಗಿ ಅಷ್ಟು ತೆಳುವಾದ ಮಾದರಿಯಲ್ಲಿ ಆ ಯಂತ್ರದ ಅಂಕಿ ನೆಚ್ಚುವಂಥದ್ದಲ್ಲ. ಇನ್ಸರ್ಟನ್ನು ಜೆಲ್‌ನಲ್ಲಿ ಓಡಿಸಿ, ಗಾತ್ರ, ಪ್ರಮಾಣ ಗೊತ್ತಿರುವ ಡಿಎನ್ಎ ತುಣುಕುಗಳ ಲ್ಯಾಡರಿನಲ್ಲಿ ಅದೇ ಗಾತ್ರಕ್ಕೆ ಹತ್ತಿರವಿರುವ ಬ್ಯಾಂಡಿನ ಹೊಳಪಿಗೆ ಹೋಲಿಸಿದಾಗ ಇದ್ದದ್ದು ಏಳರ ಆಸುಪಾಸು. ಎಂದರೆ, ಮೂರು ಎಂದುಕೊಂಡು ನಾನು ಒಂದಕ್ಕೆ ಒಂದರಂತೆ ಹಾಕಿದ್ದೆ.

ಮೂರನೆಯ ಸಲ 20 ಮೈಕ್ರೋಲೀಟರಿನ ಮಿಶ್ರಣದಲ್ಲಿ ಬಫರ್ 2, ವೆಕ್ಟರ್ 2, ಇನ್ಸರ್ಟ್ 3, ಲೈಗೇಸ್ 1, ನೀರು 12 ಮೈಕ್ರೋಲೀಟರ್ ಸೇರಿಸಿದೆ. ಬಫರಿನಲ್ಲಿರುವ, ಲೈಗೇಸಿಗೆ ಶಕ್ತಿ ಕೊಡುವ ಎಟಿಪಿ ಪದೇ ಪದೇ ಹೆಪ್ಪುಗಟ್ಟಿ ಕರಗಿದರೆ ಕೆಡುವುದರಿಂದ, ಹೊಸ ಬಫರನ್ನೇ ಸಣ್ಣ ಟ್ಯೂಬುಗಳಿಗೆ ಹಂಚಿಟ್ಟುಕೊಂಡು ಬಳಸಿದೆ. ಅರುವತ್ತಕ್ಕೂ ಹೆಚ್ಚು ಕಾಲೊನಿ ಬಂದವು, ಕಂಟ್ರೋಲಿನಲ್ಲಿ ಐದು. ಕಾಲೊನಿ ಪಿಸಿಆರ್ ಮಾಡಿದ ಎಂಟರಲ್ಲಿ ಏಳರಲ್ಲಿ ಜೀನ್ ಇತ್ತು. ಬಫರನ್ನೂ ಬದಲಿಸಿದ್ದರಿಂದ ಈ ಫಲವನ್ನೆಲ್ಲ ಲೆಕ್ಕವೊಂದರದ್ದೇ ಎನ್ನಲಾರೆ.

ಮುಂದೆ 150 ಬೇಸ್ ಪೇರಿನ ತುಣುಕನ್ನು ಅದೇ ವೆಕ್ಟರಿಗೆ ಸೇರಿಸಬೇಕಾದಾಗ ಲೆಕ್ಕ 4 ನ್ಯಾನೋಗ್ರಾಮಿಗೆ ಇಳಿಯಿತು. ನನ್ನ ದ್ರಾವಣದಲ್ಲಿ ಅದು ಅರ್ಧ ಮೈಕ್ರೋಲೀಟರಿಗಿಂತ ಕಡಿಮೆ, ಪಿಪೆಟ್ಟಿನಲ್ಲಿ ನಂಬಿಕೆಯಿಂದ ಅಳೆಯಲಾಗದ ಪ್ರಮಾಣ. ಆದ್ದರಿಂದ ಅದನ್ನು ಮೊದಲು ಹತ್ತು ಪಟ್ಟು ತೆಳುಗೊಳಿಸಿ, ಆ ಮೇಲೆ 4 ಮೈಕ್ರೋಲೀಟರ್ ತೆಗೆದುಕೊಂಡೆ.