ತಲೆ ಒಂದೇ, ಬಾಲ ಏಳು

ಡಬ್ಲಿನ್‌ನಲ್ಲಿರುವ ಮಗಳು ಭಾನುವಾರ ಕರೆ ಮಾಡಿದಾಗ ನಾವಿಬ್ಬರೂ ವರ್ಡಲ್ ಎಂಬ ಆನ್‌ಲೈನ್ ಪದದಾಟವನ್ನು ಕಾಗದದ ಮೇಲೆ ಆಡುತ್ತೇವೆ. ಅವಳು ಮನಸ್ಸಿನಲ್ಲಿ ಐದಕ್ಷರದ ಒಂದು ಇಂಗ್ಲಿಷ್ ಪದ ಇಟ್ಟುಕೊಳ್ಳುತ್ತಾಳೆ. ನನಗೆ ಆರು ಊಹೆ. ಅಕ್ಷರ ಸರಿಯಾದ ಮನೆಯಲ್ಲಿದ್ದರೆ ಹಸಿರು, ಬೇರೆ ಮನೆಯದಾದರೆ ಹಳದಿ, ಪದದಲ್ಲೇ ಇಲ್ಲದಿದ್ದರೆ ಬೂದು. ಕಳೆದ ವರ್ಷ ಒಂದು ಸಂಜೆ ನನ್ನ ಮೊದಲ ಊಹೆ ‘ಸ್ಟೇರ್’. ಎಸ್, ಎ, ಇ ಮೂರೂ ಹಸಿರು. ಎರಡನೆಯದು ‘ಶೇಡ್’. ಎಚ್ ಕೂಡ ಹಸಿರು. ಐದರಲ್ಲಿ ನಾಲ್ಕು ಮನೆ ತುಂಬಿದವು, ಇನ್ನೂ ನಾಲ್ಕು ಊಹೆ ಕೈಯಲ್ಲಿವೆ. ಗೆದ್ದೆ ಎಂದುಕೊಂಡು ಒಲೆಯ ಮೇಲಿನ ಸಾರು ಇಳಿಸಿ ಬಂದೆ.

ಶೇಕ್. ಇಲ್ಲ. ಶೇಮ್. ಇಲ್ಲ. ಶೇಪ್. ಇಲ್ಲ. ಶೇಲ್. ಅದೂ ಇಲ್ಲ. ಪದ ‘ಶೇವ್’ ಆಗಿತ್ತು. ಮಗಳು ನಕ್ಕಿದ್ದಕ್ಕಿಂತ ಹೆಚ್ಚು ಬೇಸರವಾದದ್ದು ಬೇರೆ ಕಾರಣಕ್ಕೆ: ಶೇರ್ ಸೇರಿ ಇಂಥ ಏಳು ಪದಗಳೂ ನನ್ನ ಪುಸ್ತಕದ ಒಂದೇ ಪುಟದಲ್ಲಿ, ಒಂದರ ಕೆಳಗೊಂದು, ನನ್ನದೇ ಕೈಬರಹದಲ್ಲಿದ್ದವು.

ಪುಸ್ತಕದ ಕಥೆ ಹೇಳಬೇಕು. ಹತ್ತನೆಯ ತರಗತಿಯವರೆಗೆ ನನ್ನದು ಕನ್ನಡ ಮಾಧ್ಯಮ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಆದರೆ ಬೇಕೆಂದಾಗ ಪದ ನಾಲಿಗೆಗೆ ಬರುವುದಿಲ್ಲ. ವರ್ಡಲ್ ಹುಟ್ಟಿದ ಬಗೆಯನ್ನು ಓದಿದಾಗ ಹುರುಪು ಬಂತು. ಜಾಶ್ ವಾರ್ಡಲ್ ತಮ್ಮ ಸಂಗಾತಿ ಪಲಕ್ ಶಾ ಅವರಿಗಾಗಿ ಮಾಡಿದ ಆಟವಂತೆ ಇದು. 2021ರ ಅಕ್ಟೋಬರ್‌ನಲ್ಲಿ ಎಲ್ಲರಿಗೂ ತೆರೆದುಕೊಂಡಿತು, 2022ರ ಜನವರಿಯ ಕೊನೆಗೆ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತು. ಸುಮಾರು 12,000 ಐದಕ್ಷರದ ಪದಗಳನ್ನು ಒಂದೊಂದಾಗಿ ನೋಡಿ, ತಮಗೆ ಗೊತ್ತಿರುವುದು ಯಾವುದು, ಗೊತ್ತಿಲ್ಲದ್ದು ಯಾವುದು ಎಂದು ಜಳ್ಳು ತೂರಿ, ಸುಮಾರು 2,500ಕ್ಕೆ ಇಳಿಸಿದವರು ಪಲಕ್. ಅಕ್ಕಿ ಆರಿಸಿ ಅಭ್ಯಾಸವಿರುವ ನನಗೆ ಈ ಕೆಲಸ ತೀರ ಪರಿಚಿತ ಎನಿಸಿತು. 200 ಪುಟದ ಉದ್ದ ನೋಟ್‌ಬುಕ್ ತಂದು ನಾನೂ ಕೂತೆ.

ಜೋಡಿಸುವುದು ಹೇಗೆ? ನಿಘಂಟಿನಂತೆ, ಮೊದಲಿನಿಂದ. ಪುಟದ ತಲೆಯ ಮೇಲೆ ಮೊದಲ ಎರಡು ಅಕ್ಷರ, ಕೆಳಗೆ ಪದಗಳು. ಬೇರೆ ಕ್ರಮ ಹೊಳೆಯಲೂ ಇಲ್ಲ. ನಮ್ಮ ಹಳೆಯ ಕಾವ್ಯದ ಆದಿಪ್ರಾಸ ನೋಡಿ, ಸಾಲಿನ ಎರಡನೆಯ ಅಕ್ಷರದಲ್ಲೇ ಪ್ರಾಸ ಕೂರುತ್ತದೆ. ಕನ್ನಡದ ಕಿವಿ ಪದದ ತಲೆಯನ್ನೇ ಹಿಡಿಯುತ್ತದೆ ಎಂಬುದು ನನ್ನ ಗುಮಾನಿ. ಎಸ್-ಟಿ ಜೋಡಿಗೆ ಪುಟಗಳು ಸಾಲಲಿಲ್ಲ. ಎಸ್-ಟಿ-ಎ ಎಂದು ಶುರುವಾಗುವ, ನನಗೆ ಗೊತ್ತಿದ್ದ ಐದಕ್ಷರದ ಪದಗಳೇ 19: ಸ್ಟ್ಯಾಂಡ್, ಸ್ಟ್ಯಾಂಪ್, ಸ್ಟಾಫ್, ಸ್ಟೇಜ್, ಸ್ಟಾರ್ಟ್ ಹೀಗೆ. ನಮ್ಮ ಅಜ್ಜಿ ‘ಇಸ್ಟೇಷನ್ನು’ ಎನ್ನುತ್ತಿದ್ದರು. ಒತ್ತಕ್ಷರದಿಂದ ಪದ ಶುರುವಾದರೆ ಮುಂದೊಂದು ಇ ಇಟ್ಟು ಮೆಟ್ಟಿಲು ಮಾಡಿಕೊಳ್ಳುವುದು ಅವರ ನಾಲಿಗೆಯ ಉಪಾಯ.

ಆ ಪುಸ್ತಕದಲ್ಲಿ ನನಗೆ ಬಹಳ ಪ್ರಿಯವಾದದ್ದು ಎಸ್-ಎನ್ ಪುಟ. ಸ್ನೋರ್ ಎಂದರೆ ಗೊರಕೆ, ಸ್ನಿಫ್ ಎಂದರೆ ಮೂಸುವುದು, ಸ್ನೌಟ್ ಮೂತಿ, ಸ್ನಫ್ ನಶ್ಯ, ಸ್ನೀರ್ ಎಂದರೆ ಮೂಗು ಮುರಿಯುವುದು. ಇಡೀ ಪುಟವೇ ಮೂಗು! ಹೀಗೆ ಪದದ ಒಂದು ತುಣುಕು ಅರ್ಥವೊಂದನ್ನು ಸುತ್ತಿಕೊಂಡಿರುವುದಕ್ಕೆ ಇಂಗ್ಲಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1930ರಲ್ಲಿ ‘ಫೊನೆಸ್ತೀಮ್’ ಎಂದು ಹೆಸರಿಟ್ಟರು. ಕನ್ನಡದಲ್ಲಿ ಮೂಗು, ಮೂಸು, ಮೂತಿ ಮೂರೂ ಒಂದೇ ಪುಟಕ್ಕೆ ಬೀಳುತ್ತವಲ್ಲ ಎಂದು ಆ ರಾತ್ರಿ ಮಲಗಿದ ಮೇಲೆ ಹೊಳೆಯಿತು.

ಆದರೆ ಆಟಕ್ಕೆ ಇದೆಲ್ಲ ಉಪಯೋಗಕ್ಕೆ ಬರಲಿಲ್ಲ. ಶೇವ್ ನನ್ನನ್ನು ಕೆಡವಿದ ಮೇಲೆ ಎಸ್-ಎಚ್ ಪುಟವನ್ನು ಮತ್ತೆ ತೆರೆದು ಕೂತೆ. ಕನ್ನಡದಲ್ಲಿ ಬರೆದುಕೊಂಡಾಗ ಒಳಗುಟ್ಟು ಕಂಡಿತು. ಶೇಡ್, ಶೇಕ್, ಶೇಲ್, ಶೇಮ್, ಶೇಪ್, ಶೇರ್, ಶೇವ್. ನಮ್ಮ ಲಿಪಿಯಲ್ಲಿ ಕೊನೆಯ ಇ ಕಾಣುವುದೇ ಇಲ್ಲ, ಏಕೆಂದರೆ ಅದಕ್ಕೆ ಉಚ್ಚಾರವಿಲ್ಲ. ಅದು ಬಾಯಿ ಮುಚ್ಚಿಕೊಂಡು ಕೂತು, ಒಂದು ವ್ಯಂಜನವನ್ನು ದಾಟಿ, ಹಿಂದಿನ ಎ ಅಕ್ಷರಕ್ಕೆ ದೀರ್ಘ ಕೊಡುತ್ತದೆ. ಸೋಗು ಎಂಬ ಅರ್ಥದ ‘ಶ್ಯಾಮ್’ ಬಾಲಕ್ಕೆ ಇ ಹಚ್ಚಿದರೆ ‘ಶೇಮ್’. ನಡುವಿನ ಆ ಒಂದು ಮನೆಗೆ ಮಾತ್ರ ಬಾಗಿಲೇ ಇಲ್ಲ, ಯಾವ ವ್ಯಂಜನ ಬೇಕಾದರೂ ನುಗ್ಗುತ್ತದೆ. ಆಟದ ಮೊದಲ ಪಟ್ಟಿಯಲ್ಲಿದ್ದ 2,315 ಉತ್ತರಗಳಲ್ಲಿ 366 ಎಸ್‌ನಿಂದ ಶುರುವಾಗುತ್ತಿದ್ದವು, 424 ಇ ಅಕ್ಷರದಿಂದ ಮುಗಿಯುತ್ತಿದ್ದವು. ನಾನು ಸಂಭ್ರಮಿಸಿದ ಹಸಿರು ಮನೆಗಳು ಎಲ್ಲಕ್ಕಿಂತ ಜನಜಂಗುಳಿಯ ಬೀದಿಯವು.

ಹಾಗಾಗಿ ಎರಡನೆಯ ನೋಟ್‌ಬುಕ್ ಶುರುಮಾಡಿದೆ. ಇದರಲ್ಲಿ ಅಕಾರಾದಿ ಇಲ್ಲ, ಹೊಂಡಗಳಿವೆ. ಎಲ್ಲಿ ಒಂದೇ ಮನೆ ಖಾಲಿ ಇದ್ದು ಹಲವು ಅಕ್ಷರ ಕೂರಬಲ್ಲವೋ ಅದು ಹೊಂಡ. ಶೇ ಹೊಂಡದಲ್ಲಿ ಏಳು. ಸ್ಟೇ ಹೊಂಡದಲ್ಲಿ ಆರು: ಸ್ಟೇಜ್, ಸ್ಟೇಕ್, ಸ್ಟೇಲ್, ಸ್ಟೇರ್, ಸ್ಟೇಟ್, ಸ್ಟೇವ್. ಗ್ರೇ ಹೊಂಡದಲ್ಲೂ ಆರು: ಗ್ರೇಸ್, ಗ್ರೇಡ್, ಗ್ರೇಪ್, ತುರಿಯುವ ಅರ್ಥದ ಗ್ರೇಟ್, ಗ್ರೇವ್, ಗ್ರೇಜ್. ಪ್ರತಿ ಹೊಂಡದ ಪಕ್ಕದಲ್ಲಿ ಏಣಿಯ ಪದ ಬರೆದಿದ್ದೇನೆ. ಏಣಿ ಎಂದರೆ ಉತ್ತರವಾಗಲು ಸಾಧ್ಯವೇ ಇಲ್ಲದ, ಆದರೆ ಖಾಲಿ ಮನೆಯ ಹಲವು ಉಮೇದುವಾರರನ್ನು ಒಟ್ಟಿಗೆ ವಿಚಾರಿಸುವ ಪದ.

ಶೇ ಹೊಂಡದ ಉಮೇದುವಾರರು ಡಿ, ಕೆ, ಎಲ್, ಎಂ, ಪಿ, ಆರ್, ವಿ. ‘ಡ್ರಿಂಕ್’ ಎಂದರೆ ಡಿ, ಆರ್, ಕೆ ಮೂವರ ವಿಚಾರಣೆ ಮುಗಿಯಿತು. ‘ಕ್ಲ್ಯಾಂಪ್’ ಎಂದರೆ ಎಲ್, ಎಂ, ಪಿ. ಆರೂ ಬೂದಾದರೆ ಉಳಿದದ್ದು ವಿ ಮಾತ್ರ. ಎರಡು ಊಹೆ ವ್ಯರ್ಥ ಮಾಡಿದಂತೆ ಕಂಡರೂ ಮೂರನೆಯದು ಗುರಿ ತಪ್ಪುವುದಿಲ್ಲ. ಆ ಭಾನುವಾರ ಡಿ ಮತ್ತು ಆರ್ ಹೇಗೂ ಹೋಗಿದ್ದವು. ಶೇಕ್ ಬದಲು ಕ್ಲ್ಯಾಂಪ್ ಅಂದಿದ್ದರೆ ಶೇಕ್, ಶೇವ್ ಎರಡೇ ಉಳಿಯುತ್ತಿದ್ದವು, ಐದರೊಳಗೆ ಮುಗಿಯುತ್ತಿತ್ತು. ಸೋಲುವ ಪದವೆಂದು ಗೊತ್ತಿದ್ದೂ ಬರೆಯಲು ಮೊದಮೊದಲು ಕೈ ಬರುವುದಿಲ್ಲ. ಎದುರಿಗೆ ನಾಲ್ಕು ಹಸಿರು ಹೊಳೆಯುತ್ತಿದ್ದರಂತೂ ಇನ್ನೂ ಕಷ್ಟ.

ಆಟದಲ್ಲಿ ಕಠಿಣ ಕ್ರಮ ಎಂದೊಂದಿದೆ. ಅದರಲ್ಲಿ ಸಿಕ್ಕ ಅಕ್ಷರಗಳನ್ನು ಮುಂದಿನ ಊಹೆಯಲ್ಲಿ ಬಳಸಲೇಬೇಕು, ಏಣಿಗೆ ಅವಕಾಶವಿಲ್ಲ. ಹೊಂಡಕ್ಕೆ ಬಿದ್ದವರು ಅದೃಷ್ಟವನ್ನೇ ನಂಬಬೇಕು. ನನ್ನ ಮಟ್ಟಿಗೆ ಅದು ಕಠಿಣವಲ್ಲ, ಬರೀ ಹಟ. ಮಗಳು ಅದನ್ನೇ ಆಡುತ್ತಾಳೆ.

ಆನ್‌ಲೈನ್ ಆಟದಲ್ಲಿ ದಿನಕ್ಕೊಂದು ಹೊಸ ಪದ ಆಯಾ ಊರಿನ ಮಧ್ಯರಾತ್ರಿಗೆ ಬರುತ್ತದೆ, ಆದ್ದರಿಂದ ದಿನದ ಪದ ಅವಳಿಗಿಂತ ಮೊದಲು ನನಗೇ ಸಿಗುತ್ತದೆ. ಅವಳು ಮಲಗಿ ಏಳುವುದರೊಳಗೆ ನನ್ನ ಊಹೆಗಳ ಬಣ್ಣದ ಚೌಕಗಳು ಅವಳ ಮೊಬೈಲ್ ತಲುಪಿರುತ್ತವೆ. ಹೋದ ತಿಂಗಳ ಒಂದು ಭಾನುವಾರ ಮತ್ತೆ ನಾಲ್ಕು ಹಸಿರು ಬಂದವು, ಗ್ರೇ ಹೊಂಡ. ನಾನು ‘ಡೆಪ್ತ್’ ಅಂದೆ. “ಅಮ್ಮಾ, ಜಿ ಎಲ್ಲಿ, ಆರ್ ಎಲ್ಲಿ, ನಿದ್ದೆ ಬಂತೇ?” ಎಂದಳು. ಬಣ್ಣ ಹೇಳು ಅಂದೆ. ಟಿ ಹಸಿರು. ಗ್ರೇಟ್ ಎಂದು ಬರೆದು ಪೆನ್ನು ಮುಚ್ಚಿದೆ. ಒಂದು ಗಳಿಗೆ ಸುಮ್ಮನಿದ್ದು, ಪುಸ್ತಕದ ಪುಟಗಳ ಫೋಟೊ ಕಳಿಸು ಎಂದಳು. ಮೊದಲ ಪುಸ್ತಕದ್ದು ಕಳಿಸಿದ್ದೇನೆ.